ಐಕಾನ್‌ಗಳಿಗೆಲ್ಲ ಒಂದೇ ಅಚ್ಚು: ಡೆಸ್ಕ್‌ಟಾಪ್‌ನ ಚಿತ್ರ ಯಾರ ಕೈಯಲ್ಲಿರಬೇಕು?

2025ರ ಸೆಪ್ಟೆಂಬರ್ 15ರಂದು ಆ್ಯಪಲ್ ತನ್ನ ಕಂಪ್ಯೂಟರ್‌ಗಳ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ‘ಮ್ಯಾಕ್‌ಓಎಸ್ 26 ತಾಹೋ’ವನ್ನು ಬಿಡುಗಡೆ ಮಾಡಿತು. ಅಪ್‌ಡೇಟ್ ಮುಗಿಸಿಕೊಂಡವರಿಗೆ ಗಾಜಿನಂತೆ ಹೊಳೆಯುವ ಮೆನು, ಪಟ್ಟಿಗಳ ಜೊತೆಗೆ ಇನ್ನೊಂದು ವಿಚಿತ್ರವೂ ಕಾಣಿಸಿತು. ವರ್ಷಗಳಿಂದ ಬಳಸುತ್ತಿದ್ದ ಕೆಲವು ಆ್ಯಪ್‌ಗಳ ಐಕಾನ್ ಕುಗ್ಗಿಹೋಗಿತ್ತು. ಅದರ ಸುತ್ತ ಮೂಲೆ ದುಂಡಗಾದ ಬೂದು ಚೌಕವೊಂದು ಬಂದು ಕೂತಿತ್ತು. ಆ್ಯಪ್ ಕೆಟ್ಟಿತೇ, ಮತ್ತೆ ಇನ್‌ಸ್ಟಾಲ್ ಮಾಡಬೇಕೇ ಎಂದು ಗಾಬರಿಯಾದವರೂ ಇದ್ದಾರು.

ಆ್ಯಪ್‌ಗೆ ಏನೂ ಆಗಿಲ್ಲ. ಬದಲಾದದ್ದು ಐಕಾನ್ ಬರೆಯುವ ಹಕ್ಕು ಯಾರದೆಂಬ ನಿಯಮ. ಈವರೆಗೆ ಆ್ಯಪ್ ಮಾಡಿದವರು ಕೊಟ್ಟ ಚಿತ್ರವನ್ನು ಸಿಸ್ಟಂ ಇದ್ದ ಹಾಗೇ ತೋರಿಸುತ್ತಿತ್ತು. ಈಗ ಅವರು ಕೊಡುವುದು ಕಚ್ಚಾ ಸಾಮಗ್ರಿ. ಅಂತಿಮ ಚಿತ್ರವನ್ನು ಸಿಸ್ಟಂ ತಯಾರಿಸುತ್ತದೆ. ಇದನ್ನು ಚಂದ, ಚಂದವಿಲ್ಲ ಎಂಬ ಅಭಿರುಚಿಯ ಜಗಳವೆಂದುಕೊಂಡರೆ ವಿಷಯದ ಅರ್ಧ ಭಾಗ ತಪ್ಪಿಹೋಗುತ್ತದೆ. ಇದರ ಹಿಂದೆ ತಾಂತ್ರಿಕ ಕಾರಣಗಳಿವೆ, ವ್ಯಾಪಾರದ ಕಾರಣಗಳಿವೆ. ಇದಕ್ಕೊಂದು ಬೆಲೆಯೂ ಇದೆ, ಅದನ್ನು ತೆರುವವರು ದಿನವಿಡೀ ಪರದೆಯ ಮುಂದೆ ಕೂರುವ ಬಳಕೆದಾರರು.

ಸಲಹೆ ನಿಯಮವಾದ ಬಗೆ

ಮ್ಯಾಕ್‌ನಲ್ಲಿ ಈ ದುಂಡು ಮೂಲೆಯ ಚೌಕ ನಿನ್ನೆ ಮೊನ್ನೆ ಬಂದದ್ದಲ್ಲ. 2020ರ ನವೆಂಬರ್‌ನಲ್ಲಿ ಬಂದ ‘ಬಿಗ್ ಸರ್’ ಆವೃತ್ತಿಯಲ್ಲೇ ಆ್ಯಪಲ್ ತನ್ನ ಆ್ಯಪ್‌ಗಳನ್ನು ಈ ಆಕಾರಕ್ಕೆ ತಂದಿತ್ತು. ಆಗಿನ್ನೂ ಕೈಕಾಲಾಡಿಸಲು ಜಾಗವಿತ್ತು. ಟೆಕ್ಸ್ಟ್‌ಎಡಿಟ್‌ನ ಪೆನ್ನು, ಪ್ರಿವ್ಯೂನ ಭೂತಗನ್ನಡಿ, ಎಕ್ಸ್‌ಕೋಡ್‌ನ ಸುತ್ತಿಗೆ ಇವೆಲ್ಲ ಚೌಕದ ಅಂಚು ದಾಟಿ ಹೊರಗೆ ಚಾಚಿಕೊಂಡಿದ್ದವು. ಚೌಕವೇ ಬೇಡವೆಂದವರು ತಮ್ಮ ಹಳೆಯ ಆಕಾರವನ್ನೇ ಉಳಿಸಿಕೊಂಡರು, ಸಿಸ್ಟಂ ತಕರಾರು ಮಾಡಲಿಲ್ಲ.

ತಾಹೋದಲ್ಲಿ ಆ ಸಲುಗೆ ಹೋಯಿತು. ಯಾವ ಗೆರೆಯೂ ಅಂಚು ದಾಟುವಂತಿಲ್ಲ. ಅಳತೆಗೆ ಹೊಂದದ ಐಕಾನನ್ನು ಸಿಸ್ಟಂ ತಾನೇ ಚಿಕ್ಕದು ಮಾಡಿ ಬೂದು ತಟ್ಟೆಯ ಮೇಲಿಡುತ್ತದೆ. ಡಿಸೈನರ್‌ಗಳು ಇದನ್ನು ‘ಸ್ಕ್ವರ್ಕಲ್ ಜೈಲು’ ಎಂದು ಕರೆಯುತ್ತಿದ್ದಾರೆ. ಸ್ಕ್ವರ್ಕಲ್ ಎಂದರೆ ಚೌಕಕ್ಕೂ ವೃತ್ತಕ್ಕೂ ನಡುವಿನ ಆಕಾರ. ಮಾಮೂಲಿ ದುಂಡು ಮೂಲೆಯಲ್ಲಿ ನೇರ ಗೆರೆ ಮುಗಿದ ಕಡೆಯೇ ವೃತ್ತದ ಬಾಗು ತಟ್ಟನೆ ಶುರುವಾಗುತ್ತದೆ. ಬೆಳಕು ಬಿದ್ದ ಅಂಚಿನಲ್ಲಿ ಆ ಕೂಡುಜಾಗ ಸಣ್ಣ ಗಂಟಿನಂತೆ ಕಾಣುತ್ತದೆ. ಸ್ಕ್ವರ್ಕಲ್‌ನಲ್ಲಿ ಬಾಗು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದರಿಂದ ಹೊಳಪು ಎಲ್ಲೂ ಕಡಿಯದೆ ಹರಿಯುತ್ತದೆ. ಗಾಜಿನ ಅಂಚಿನ ಮಿಂಚನ್ನೇ ಆಧಾರವಾಗಿಟ್ಟುಕೊಂಡ ವಿನ್ಯಾಸಕ್ಕೆ ಇದು ಮುಖ್ಯ.

ಎರಡನೆಯ ಬದಲಾವಣೆ ಕಣ್ಣಿಗೆ ಅಷ್ಟು ಬೇಗ ಕಾಣುವುದಿಲ್ಲ, ಪರಿಣಾಮ ಮಾತ್ರ ಹೆಚ್ಚು ದೊಡ್ಡದು. ಹೊಸ ಐಕಾನ್ ಒಂದೇ ಚಿತ್ರವಲ್ಲ, ಪದರಗಳ ಕಟ್ಟು. ಆ್ಯಪಲ್ ಕೊಟ್ಟಿರುವ ‘ಐಕಾನ್ ಕಂಪೋಸರ್’ ಎಂಬ ತಂತ್ರಾಂಶದಲ್ಲಿ ಡಿಸೈನರ್ ಪದರಗಳನ್ನು ಗುಂಪು ಮಾಡಿ ಜೋಡಿಸುತ್ತಾರೆ, ನಾಲ್ಕು ಗುಂಪುಗಳವರೆಗೆ ಅವಕಾಶವಿದೆ. ನೆರಳು, ಅಂಚಿನ ಮಿಂಚು, ಪಾರದರ್ಶಕತೆ ಮೂರನ್ನೂ ಹಾಕುವುದು ಸಿಸ್ಟಂ. ಅದೇ ಐಕಾನ್ ಬಳಕೆದಾರರ ಆಯ್ಕೆಗೆ ತಕ್ಕಂತೆ ಮಾಮೂಲು ಬಣ್ಣದಲ್ಲಿ, ಕಡು ಬಣ್ಣದಲ್ಲಿ, ಗಾಜಿನಂತೆ ಬಣ್ಣವಿಲ್ಲದೆ, ಇಲ್ಲವೇ ಒಂದೇ ಛಾಯೆಯಲ್ಲಿ ಕಾಣಿಸಿಕೊಳ್ಳಬೇಕು. ಕೊನೆಯ ಎರಡಕ್ಕೆ ಬೆಳಕಿನ, ಕತ್ತಲೆಯ ರೂಪಗಳೂ ಬೇರೆ ಬೇರೆ ಇರುವುದರಿಂದ ಒಟ್ಟು ಆರು ರೂಪಗಳಾಗುತ್ತವೆ.

128 ಬೈಟ್‌ನ ಚಿತ್ರ, 128 ಬೈಟ್‌ನ ಅಂಚು

ಈ ಹಕ್ಕಿನ ಪ್ರಶ್ನೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪರದೆಯ ಮೇಲೆ ಕಡತ, ಫೋಲ್ಡರ್, ಪ್ರಿಂಟರ್‌ಗಳ ಪುಟ್ಟ ಚಿತ್ರವಿಟ್ಟು ಅದನ್ನೇ ಕೆಲಸದ ಮೇಜೆಂದು ತೋರಿಸುವ ಪದ್ಧತಿಯನ್ನು ಮಾರುಕಟ್ಟೆಗೆ ತಂದದ್ದು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್. ಅದರ ಐಕಾನ್‌ಗಳನ್ನು ಬರೆದವರು ನಾರ್ಮನ್ ಕಾಕ್ಸ್. ಮೂಲೆ ಮಡಚಿದ ಹಾಳೆ ಎಂದರೆ ಕಡತ ಎಂಬ ರೂಢಿ ಅಲ್ಲಿಂದ ಇಂದಿನವರೆಗೂ ನಡೆದುಬಂದಿದೆ. ಜೆರಾಕ್ಸ್‌ನವರು ನಾಲ್ಕು ಬಗೆಯ ಐಕಾನ್ ಗುಂಪುಗಳನ್ನು ತಯಾರಿಸಿ, ಜನರ ಮೇಲೆ ಪ್ರಯೋಗ ಮಾಡಿ, ಆಮೇಲೆ ಒಂದನ್ನು ಆರಿಸಿಕೊಂಡಿದ್ದರು. ಐಕಾನ್ ಚೆನ್ನಾಗಿದೆಯೇ ಎಂಬುದಕ್ಕಿಂತ ಗುರುತು ಸಿಗುತ್ತದೆಯೇ ಎಂಬ ಪ್ರಶ್ನೆ ಮೊದಲ ದಿನದಿಂದಲೂ ಇತ್ತು ಎನ್ನುವುದಕ್ಕೆ ಇದು ಸಾಕ್ಷಿ.

1984ರ ಮ್ಯಾಕಿಂತೋಷ್‌ಗೆ ಸೂಸನ್ ಕೇರ್ ಬರೆದ ಐಕಾನ್‌ಗಳು 32 ಅಡ್ಡ, 32 ಉದ್ದದ ಕಪ್ಪು ಬಿಳುಪು ಚುಕ್ಕಿಗಳಷ್ಟೆ. ಚೌಕಳಿ ಹಾಕಿದ ಪುಸ್ತಕದಲ್ಲಿ ಒಂದೊಂದೇ ಮನೆ ತುಂಬಿ ಅವರು ಅವನ್ನು ರೂಪಿಸಿದ್ದರು. ಒಟ್ಟು 1,024 ಚುಕ್ಕಿ, ಅಂದರೆ 128 ಬೈಟ್. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಕಾಲದ ಮ್ಯಾಕ್‌ನಲ್ಲಿ ಆ್ಯಪ್‌ನ ಐಕಾನ್ ಕಡತದೊಳಗೆ ಚಿತ್ರದ 128 ಬೈಟ್‌ನ ಬೆನ್ನಿಗೇ ಇನ್ನೊಂದು 128 ಬೈಟ್ ಇರುತ್ತಿತ್ತು. ಅದು ‘ಮಾಸ್ಕ್’. ಚಿತ್ರ ಎಲ್ಲಿ ಮುಗಿದು ಹಿನ್ನೆಲೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅದು ಹೇಳುತ್ತಿತ್ತು. ಅರ್ಧಕ್ಕರ್ಧ ಜಾಗವನ್ನು ಬರೀ ಹೊರ ಅಂಚಿಗಾಗಿ ಮೀಸಲಿಟ್ಟಿದ್ದರು, ಅದೂ ಒಂದೊಂದು ಬೈಟ್‌ಗೂ ಲೆಕ್ಕವಿದ್ದ ಯಂತ್ರದಲ್ಲಿ. ಆ ಅಂಚನ್ನು ತೀರ್ಮಾನಿಸುತ್ತಿದ್ದವರು ಆ್ಯಪ್ ಮಾಡಿದವರು.

ಈಗಲೂ ಮಾಸ್ಕ್ ಇದೆ. ಆದರೆ ಅದು ಎಲ್ಲ ಆ್ಯಪ್‌ಗಳಿಗೂ ಸೇರಿ ಒಂದೇ, ಮತ್ತು ಅದು ಸಿಸ್ಟಂನ ಬಳಿ ಇದೆ.

ಗಾತ್ರ ಬೆಳೆಯಿತು, ಕೆಲಸ ಅದಕ್ಕಿಂತ ಹೆಚ್ಚು ಬೆಳೆಯಿತು

ನಡುವಿನ ನಾಲ್ಕು ದಶಕಗಳಲ್ಲಿ ಐಕಾನ್‌ನ ಅಳತೆ ಬೆಳೆಯುತ್ತಲೇ ಹೋಯಿತು. 1990ರ ವಿಂಡೋಸ್ 3.0ರಲ್ಲಿ 32 ಪಿಕ್ಸೆಲ್, 16 ಬಣ್ಣ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 48 ಪಿಕ್ಸೆಲ್, ಜೊತೆಗೆ ನಯವಾದ ಅಂಚು, ಮೆದುವಾದ ನೆರಳು. ಅದೇ ವರ್ಷ ಬಂದ ಮ್ಯಾಕ್ ಓಎಸ್ ಟೆನ್ ಒಮ್ಮೆಗೇ 128ಕ್ಕೆ ಹಾರಿತು. 2007ರಲ್ಲಿ ವಿಂಡೋಸ್ ವಿಸ್ಟಾ 256 ಪಿಕ್ಸೆಲ್ ತಂದರೆ, ಮ್ಯಾಕ್‌ನ ‘ಲೆಪರ್ಡ್’ 512 ತಂದಿತು. ಪಿಕ್ಸೆಲ್‌ಗಳು ಒತ್ತೊತ್ತಾಗಿರುವ ರೆಟಿನಾ ಪರದೆಗಳು ಬಂದ ಮೇಲೆ 1,024.

ದೊಡ್ಡ ಗಾತ್ರ ಬಂತೆಂದು ಸಣ್ಣ ಗಾತ್ರ ಹೋಗಲಿಲ್ಲ. ಕಡತಗಳ ಪಟ್ಟಿಯಲ್ಲಿ, ವಿಂಡೋದ ತಲೆಪಟ್ಟಿಯಲ್ಲಿ ಇವತ್ತಿಗೂ 16 ಪಿಕ್ಸೆಲ್ ಐಕಾನ್ ಬೇಕು. ಹೀಗಾಗಿ ಮ್ಯಾಕ್‌ನ ಒಂದು ಐಕಾನ್ ಕಡತದಲ್ಲಿ 16, 32, 128, 256, 512 ಎಂಬ ಐದು ಅಳತೆಗಳು, ಪ್ರತಿಯೊಂದಕ್ಕೂ ರೆಟಿನಾ ಪರದೆಗಾಗಿ ಎರಡು ಪಟ್ಟಿನ ರೂಪ, ಒಟ್ಟು ಹತ್ತು ಚಿತ್ರಗಳಿರುತ್ತವೆ. ಕೈಚಳಕವಿರುವ ಡಿಸೈನರ್ ಈ ಹತ್ತನ್ನೂ ಕಣ್ಣಿಟ್ಟು ತಿದ್ದುತ್ತಿದ್ದರು, ಏಕೆಂದರೆ ದೊಡ್ಡ ಚಿತ್ರವನ್ನು ಸುಮ್ಮನೆ ಕುಗ್ಗಿಸಿದರೆ ಗೆರೆಗಳು ಪಿಕ್ಸೆಲ್‌ಗಳ ನಡುವೆ ಬಿದ್ದು ಮಸುಕಾಗುತ್ತವೆ.

ಈಗ ಈ ಹತ್ತನ್ನು ಆರು ರೂಪಗಳಿಂದ ಗುಣಿಸಿ. ಮ್ಯಾಕ್ ಒಂದಕ್ಕೇ ಅರವತ್ತು ಚಿತ್ರ. ಫೋನ್, ಟ್ಯಾಬ್ಲೆಟ್, ಕೈಗಡಿಯಾರಗಳದು ಬೇರೆ. ಇಬ್ಬರು ಮೂವರು ಸೇರಿ ನಡೆಸುವ ಕಂಪನಿ ಇಷ್ಟನ್ನೂ ಕೈಯಿಂದ ಬರೆಸಲಾರದು. ಆ್ಯಪಲ್ ಪದರಗಳ ಪದ್ಧತಿಗೆ ಹೋದದ್ದರ ಮೂಲ ಇಲ್ಲಿದೆ. ಬಳಕೆದಾರರಿಗೆ ಬಣ್ಣ ಬದಲಿಸುವ ಸ್ವಾತಂತ್ರ್ಯ ಕೊಡುತ್ತೇವೆಂದು ಒಮ್ಮೆ ನಿರ್ಧರಿಸಿದ ಮೇಲೆ, ಆ ಬದಲಾವಣೆಯನ್ನು ಯಂತ್ರವೇ ಮಾಡಬೇಕಾಗುತ್ತದೆ. ಯಂತ್ರ ಮಾಡಬೇಕೆಂದರೆ ಯಾವುದು ಹಿನ್ನೆಲೆ, ಯಾವುದು ಮುಖ್ಯ ಗುರುತು ಎಂಬುದು ಅದಕ್ಕೆ ಬೇರೆ ಬೇರೆಯಾಗಿ ಗೊತ್ತಾಗಬೇಕು. ಅಚ್ಚಾದ ಚಿತ್ರದಿಂದ ಅದನ್ನು ಬಿಡಿಸಿ ತೆಗೆಯುವುದು ಕಷ್ಟ. ಆದ್ದರಿಂದ ಪದರ, ಆದ್ದರಿಂದ ಅಚ್ಚು.

ಈ ದಾರಿಯಲ್ಲಿ ಮೊದಲು ನಡೆದದ್ದು ಆಂಡ್ರಾಯ್ಡ್. 2017ರ ‘ಓರಿಯೊ’ ಆವೃತ್ತಿಯ ಹೊಂದಿಕೊಳ್ಳುವ ಐಕಾನ್‌ನಲ್ಲಿ ಮುಂಭಾಗ, ಹಿಂಭಾಗ ಎಂದು ಎರಡು ಪದರ. ಕಾಣುವ ಆಕಾರ ವೃತ್ತವೋ, ಚೌಕವೋ, ಹನಿಯ ಆಕಾರವೋ ಎಂಬುದನ್ನು ಫೋನ್ ತಯಾರಕರು ತೀರ್ಮಾನಿಸುತ್ತಿದ್ದರು. 2022ರ ಆಂಡ್ರಾಯ್ಡ್ 13ರಲ್ಲಿ ವಾಲ್‌ಪೇಪರ್‌ಗೆ ಹೊಂದುವ ಒಂದೇ ಛಾಯೆಯ ಐಕಾನ್ ಬಂತು. 2024ರ ಐಓಎಸ್ 18 ಅದನ್ನೇ ಐಫೋನ್‌ಗೆ ತಂದಿತು. ಫೋನ್‌ನಲ್ಲಿ ಹುಟ್ಟಿದ ಈ ಪದ್ಧತಿ ಈಗ ಕಂಪ್ಯೂಟರ್‌ಗೆ ಬಂದಿದೆ. ತಕರಾರು ಎದ್ದಿರುವುದು ಈ ಕೊನೆಯ ಹೆಜ್ಜೆಗೆ.

ಕಣ್ಣು ಹುಡುಕುವುದು ಹೇಗೆ

ಪರದೆಯ ಅಂಚಿನಲ್ಲಿ ಆ್ಯಪ್‌ಗಳ ಸಾಲು ತೋರಿಸುವ ಮ್ಯಾಕ್‌ನ ಡಾಕ್‌ನಲ್ಲೋ ವಿಂಡೋಸ್‌ನ ಟಾಸ್ಕ್‌ಬಾರ್‌ನಲ್ಲೋ ಇಪ್ಪತ್ತು ಐಕಾನ್‌ಗಳಿವೆ, ಬೇಕಾದದ್ದು ಒಂದು. ನಾವು ಎಡದಿಂದ ಬಲಕ್ಕೆ ಒಂದೊಂದನ್ನೇ ಓದುತ್ತಾ ಹೋಗುವುದಿಲ್ಲ. ಕಣ್ಣು ನೇರವಾಗಿ ಅಲ್ಲಿಗೆ ಹೋಗಿ ಕೂರುತ್ತದೆ. ಇದು ಹೇಗೆ ಸಾಧ್ಯ ಎಂಬುದನ್ನು ಮನೋವಿಜ್ಞಾನಿ ಆ್ಯನ್ ಟ್ರೀಸ್‌ಮನ್ 1980ರಲ್ಲಿ ಗ್ಯಾರಿ ಜೆಲಾಡ್ ಜೊತೆ ಸೇರಿ ವಿವರಿಸಿದರು. ಬಣ್ಣ, ಆಕಾರ, ಓರೆ, ಗಾತ್ರದಂಥ ಮೂಲ ಲಕ್ಷಣಗಳನ್ನು ನಮ್ಮ ದೃಷ್ಟಿ ಇಡೀ ನೋಟದ ಮೇಲೆ ಏಕಕಾಲಕ್ಕೆ ಗ್ರಹಿಸುತ್ತದೆ. ಹಸಿರು ಚುಕ್ಕೆಗಳ ನಡುವೆ ಒಂದು ಕೆಂಪು ಚುಕ್ಕೆ ಇದ್ದರೆ, ಹಸಿರು ಹತ್ತಿರಲಿ ನೂರಿರಲಿ, ಕೆಂಪು ತಾನಾಗಿ ಎದ್ದು ಕಾಣುತ್ತದೆ. ಆದರೆ ಗುರುತು ಒಂದೇ ಲಕ್ಷಣದಲ್ಲಿ ಇರದೆ ಎರಡು ಮೂರರ ಕೂಡಿಕೆಯಲ್ಲಿದ್ದರೆ ಗಮನವನ್ನು ಒಂದೊಂದರ ಮೇಲೂ ಹರಿಸಬೇಕಾಗುತ್ತದೆ. ಗುಂಪು ದೊಡ್ಡದಾದಂತೆ ಹುಡುಕುವ ಹೊತ್ತೂ ಬೆಳೆಯುತ್ತದೆ.

ಐಕಾನ್‌ಗೆ ಇದನ್ನು ಅನ್ವಯಿಸಿ ನೋಡಿ. ಹೊರ ಆಕಾರ, ಬಣ್ಣ, ಒಳಗಿನ ಚಿತ್ರ ಎಂಬ ಮೂರು ಹಿಡಿಕೆಗಳು ನಮಗಿವೆ. ಎಲ್ಲಕ್ಕೂ ಒಂದೇ ಚೌಕ ತೊಡಿಸಿದಾಗ ಮೊದಲನೆಯದು ಹೋಯಿತು. ಒಂದೇ ಛಾಯೆಯ ಅಥವಾ ಗಾಜಿನ ರೂಪ ಆರಿಸಿದಾಗ ಎರಡನೆಯದೂ ಹೋಯಿತು. ಉಳಿದದ್ದು ಒಳಗಿನ ಪುಟ್ಟ ಚಿತ್ರ. ಅದನ್ನು ಗುರುತಿಸಲು ದೃಷ್ಟಿ ಅಲ್ಲೇ ಊರಬೇಕು, ಓರೆನೋಟದಲ್ಲಿ ಆಗದು. ಒಂದು ಸಲಕ್ಕೆ ನಷ್ಟವಾಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಆದರೆ ದಿನಕ್ಕೆ ನೂರಾರು ಸಲ ಆ್ಯಪ್ ಬದಲಿಸುವವರ ಮಟ್ಟಿಗೆ ಇದು ಹೆಸರಿಡಲಾಗದ ಒಂದು ಕಿರಿಕಿರಿಯಾಗಿ ಕೂರುತ್ತದೆ. ಹೊಸ ಆವೃತ್ತಿ ಯಾಕೋ ಒಗ್ಗುತ್ತಿಲ್ಲ ಎಂದು ಹಲವರು ಹೇಳುವಾಗ, ಅವರ ಮಾತನ್ನು ಬದಲಾವಣೆ ಒಪ್ಪದವರ ಗೊಣಗಾಟವೆಂದು ತಳ್ಳಿಹಾಕುವುದು ಅನ್ಯಾಯ. ಅದಕ್ಕೊಂದು ಕಾರಣವಿದೆ.

ಇದಕ್ಕೆ ಹಿಂದಿನ ಉದಾಹರಣೆಯೂ ಇದೆ. 2020ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಜಿಮೇಲ್, ಕ್ಯಾಲೆಂಡರ್, ಡ್ರೈವ್, ಮೀಟ್ ಐಕಾನ್‌ಗಳನ್ನು ಒಟ್ಟಿಗೇ ಬದಲಿಸಿತು. ಅದುವರೆಗೆ ಜಿಮೇಲ್ ಎಂದರೆ ಕೆಂಪು, ಕ್ಯಾಲೆಂಡರ್ ಎಂದರೆ ನೀಲಿ. ಹೊಸದರಲ್ಲಿ ಎಲ್ಲಕ್ಕೂ ಕಂಪನಿಯ ಅದೇ ನಾಲ್ಕು ಬಣ್ಣ. ಬ್ರೌಸರ್‌ನ ಟ್ಯಾಬ್‌ನಷ್ಟು ಸಣ್ಣ ಜಾಗದಲ್ಲಿ ಯಾವುದು ಯಾವುದೆಂದು ತಿಳಿಯದೆ ಜನ ದೂರಿದರು. ಕಂಪನಿಯ ಗುರುತು ಗಟ್ಟಿಯಾಯಿತು, ಆ್ಯಪ್‌ಗಳ ಗುರುತು ತೆಳುವಾಯಿತು. ಎರಡೂ ಒಂದೇ ನಿರ್ಧಾರದ ಎರಡು ಮುಖಗಳು.

ರೂಢಿಯ ಬಲ ಎಷ್ಟೆಂಬುದಕ್ಕೆ ತಾಹೋದ ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯಲ್ಲೇ ಒಂದು ನಿದರ್ಶನ ಸಿಕ್ಕಿತು. ಮ್ಯಾಕ್‌ನ ಕಡತ ತೋರಿಸುವ ‘ಫೈಂಡರ್’ನ ಐಕಾನ್ ನಗುಮುಖದ್ದು, ಅದರ ಎಡ ಅರ್ಧ ನೀಲಿ, ಬಲ ಅರ್ಧ ಬಿಳುಪು. 2025ರ ಜೂನ್‌ನ ಮೊದಲ ಬೀಟಾದಲ್ಲಿ ನೀಲಿ ಬಲಕ್ಕೆ ಹೋಗಿತ್ತು. ಆಕಾರ ಅದೇ, ನಗು ಅದೇ, ಆದರೂ ದಶಕಗಳಿಂದ ನೋಡಿದವರಿಗೆ ಮುಖ ಬೇರೆಯವರದೆನಿಸಿತು. ಗದ್ದಲವೆದ್ದು ಎರಡನೇ ಬೀಟಾದಲ್ಲಿ ನೀಲಿ ಎಡಕ್ಕೆ ಮರಳಿತು.

ಹದಿನಾರು ಪಿಕ್ಸೆಲ್‌ನ ಇಕ್ಕಟ್ಟು

ಅಚ್ಚಿನಿಂದಾಗುವ ಇನ್ನೊಂದು ನಷ್ಟ ಶುದ್ಧ ಲೆಕ್ಕದ್ದು. ಬಿಗ್ ಸರ್ ಕಾಲದ ಅಳತೆಪಟ್ಟಿಯಲ್ಲಿ 1,024 ಪಿಕ್ಸೆಲ್‌ನ ಹಲಗೆಯೊಳಗೆ ಚೌಕದ ಬದಿ 824. ಸುತ್ತ ನೆರಳಿಗೆ, ಉಸಿರಾಟಕ್ಕೆ ಜಾಗ ಬಿಡಬೇಕು. ವಿಸ್ತೀರ್ಣದಲ್ಲಿ ಹೇಳುವುದಾದರೆ ಸುಮಾರು ಶೇ 65ರಷ್ಟು ಮಾತ್ರ ಬಳಕೆಗೆ ಸಿಗುತ್ತದೆ. ಇದನ್ನೇ 16 ಪಿಕ್ಸೆಲ್‌ಗೆ ಇಳಿಸಿದರೆ ಚೌಕದ ಬದಿ 13 ಪಿಕ್ಸೆಲ್‌ಗಿಂತ ಕೂದಲೆಳೆ ಕಡಿಮೆ. ಚೌಕದ ಅಂಚಿಗೆ ತಾಗದಂತೆ ಒಳಗೆ ಗುರುತು ಬರೆಯಬೇಕಲ್ಲ, ಅದಕ್ಕೆ ಉಳಿಯುವುದು ಒಂಬತ್ತೋ ಹತ್ತೋ ಪಿಕ್ಸೆಲ್.

ಹತ್ತು ಪಿಕ್ಸೆಲ್‌ನಲ್ಲಿ ಏನು ಬರೆಯಬಹುದು? ಒಂದು ಪೆನ್ಸಿಲ್ ಬರೆಯಬೇಕೆಂದುಕೊಳ್ಳಿ. ಸ್ವತಂತ್ರ ಆಕಾರದ ಐಕಾನ್‌ನಲ್ಲಿ ಅದನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಬಹುದು. ಹದಿನಾರು ಮೆಟ್ಟಿಲುಗಳ ಓರೆಗೆರೆ ಸಿಗುತ್ತದೆ, ಮೂರು ಪಿಕ್ಸೆಲ್ ದಪ್ಪದ ಹಳದಿ ಮೈ, ತುದಿಯಲ್ಲೊಂದು ಕಪ್ಪು ಚುಕ್ಕೆ, ಇನ್ನೊಂದು ತುದಿಯಲ್ಲಿ ಗುಲಾಬಿ ರಬ್ಬರ್. ಸುತ್ತಲಿನ ಖಾಲಿ ಜಾಗವೇ ಪೆನ್ಸಿಲ್‌ನ ಆಕಾರವನ್ನು ಎತ್ತಿ ತೋರಿಸುತ್ತದೆ. ಚೌಕದೊಳಗೆ ಅದೇ ಪೆನ್ಸಿಲ್ ಹತ್ತು ಮೆಟ್ಟಿಲಿಗೆ ಇಳಿಯುತ್ತದೆ, ದಪ್ಪ ಎರಡು ಪಿಕ್ಸೆಲ್ ಆಗುತ್ತದೆ, ರಬ್ಬರ್‌ಗೆ ಜಾಗವಿರುವುದಿಲ್ಲ. ದೂರದಿಂದ ಕಾಣುವುದು ಓರೆಗೆರೆಯಿರುವ ಒಂದು ಚೌಕ. ಪಕ್ಕದ ಆ್ಯಪ್‌ನ ಕುಂಚವೂ ಓರೆಗೆರೆಯಿರುವ ಚೌಕವೇ.

ಹೀಗಾಗಿ ಡಿಸೈನರ್‌ಗಳು ವಸ್ತುಗಳನ್ನು ಬಿಟ್ಟು ಒಂದಕ್ಷರ, ಒಂದು ಜ್ಯಾಮಿತಿಯ ಗುರುತಿನ ಕಡೆ ಸರಿಯುತ್ತಾರೆ. ಅದು ಕುಗ್ಗಿದರೂ ಉಳಿಯುತ್ತದೆ, ಯಾವ ಬಣ್ಣ ಬಳಿದರೂ ಉಳಿಯುತ್ತದೆ. ಆದರೆ ಅದು ಆ್ಯಪ್‌ನ ಹೆಸರು ಹೇಳುತ್ತದೆಯೇ ಹೊರತು ಕೆಲಸ ಹೇಳುವುದಿಲ್ಲ. 2001ರ ಆಸುಪಾಸಿನ ಮ್ಯಾಕ್ ಕೈಪಿಡಿಗಳಲ್ಲಿ ಆ್ಯಪ್‌ನ ಐಕಾನ್ ಮೇಜಿನ ಮೇಲಿಟ್ಟ ವಸ್ತುವಿನಂತೆ ಸ್ವಲ್ಪ ಓರೆಯಾಗಿ ಕಾಣಬೇಕು, ಅದರ ಮೇಲೊಂದು ಉಪಕರಣವಿದ್ದರೆ ಒಳ್ಳೆಯದು ಎಂಬ ಸೂಚನೆ ಇತ್ತು. ಹಾಳೆಯ ಮೇಲೆ ಪೆನ್ನು ಕಂಡರೆ ಬರೆಯುವ ಆ್ಯಪ್, ಫೋಟೋದ ಮೇಲೆ ಭೂತಗನ್ನಡಿ ಕಂಡರೆ ನೋಡುವ ಆ್ಯಪ್. ಮೊದಲ ಬಾರಿ ಕಂಡವರೂ ಊಹಿಸಬಹುದಿತ್ತು. ಆ ಸೌಲಭ್ಯ ಕೈಬಿಟ್ಟಿರುವುದು ಸಣ್ಣ ನಷ್ಟವೆಂದು ನನಗನಿಸುವುದಿಲ್ಲ.

ಅಚ್ಚಿನ ಪರವಾದ ವಾದ

ಪರವಾಗಿ ಹೇಳುವವರ ಮಾತಿನಲ್ಲೂ ತೂಕವಿದೆ. ಮೊದಲನೆಯದು ಅಚ್ಚುಕಟ್ಟು. ಹಳೆಯ ಡಾಕ್‌ನಲ್ಲಿ ಒಂದು ಐಕಾನ್ ದೊಡ್ಡ ಗೋಲ, ಇನ್ನೊಂದು ಸಪೂರ ಕಡ್ಡಿ, ಮತ್ತೊಂದು ಉದ್ದ ಬಾಲದ ಪ್ರಾಣಿ. ಗಮನ ಸೆಳೆಯಲು ಪೈಪೋಟಿಗೆ ಬಿದ್ದು ಜೋರಾಗಿ ಕೂಗುವ ಐಕಾನ್ ಬರೆದವರಿಗೇ ಲಾಭವಾಗುತ್ತಿತ್ತು. ಎಲ್ಲಕ್ಕೂ ಒಂದೇ ಗಾತ್ರ ಕೊಟ್ಟರೆ ಆ ಅಸಮಾನತೆ ತಗ್ಗುತ್ತದೆ.

ಎರಡನೆಯದು ಸಾಧನಗಳ ನಡುವಿನ ಸಾಮ್ಯ. ಫೋನ್‌ನಲ್ಲಿ ಕಂಡ ಐಕಾನ್ ಕಂಪ್ಯೂಟರ್‌ನಲ್ಲೂ ಹಾಗೇ ಕಂಡರೆ ಹೊಸಬರಿಗೆ ಕಲಿಯುವುದು ಸುಲಭ, ಡೆವಲಪರ್‌ಗೆ ಒಂದೇ ಕಡತದಲ್ಲಿ ಕೆಲಸ ಮುಗಿಯುತ್ತದೆ. ಮೂರನೆಯದು ಬಳಕೆದಾರರ ಇಷ್ಟ. ತನ್ನ ಪರದೆ ತನಗೆ ಬೇಕಾದ ಬಣ್ಣದಲ್ಲಿರಲಿ ಎಂದು ಬಯಸುವವರಿಗೆ, ನಡುವೆ ನಾಲ್ಕು ಐಕಾನ್ ಮಾತ್ರ ಕೆಂಪಗೆ ಹೊಳೆಯುತ್ತಿದ್ದರೆ ಆ ಆಯ್ಕೆಗೆ ಅರ್ಥವಿಲ್ಲ.

ಬೆರಳಿನಿಂದ ಮುಟ್ಟುವ ಪರದೆಗೆ ಈ ವಾದಗಳನ್ನು ಬಹುಮಟ್ಟಿಗೆ ಒಪ್ಪಬಹುದು. ಅಲ್ಲಿ ಐಕಾನ್ ಒಂದು ಗುಂಡಿಯೂ ಹೌದು; ಬೆರಳಿಗೆ ಸಮನಾದ ಜಾಗ ಬೇಕು, ಚೌಕ ಅದಕ್ಕೆ ಒದಗುತ್ತದೆ. ಕೆಳಗೆ ಹೆಸರೂ ಇರುತ್ತದೆ. ಕಂಪ್ಯೂಟರ್‌ನ ಸ್ಥಿತಿ ಬೇರೆ. ಮೌಸ್‌ನ ಮೊನೆಗೆ ಸಮ ಚೌಕದ ಅಗತ್ಯವಿಲ್ಲ. ಡಾಕ್‌ನಲ್ಲಿ ಹೆಸರು ಕಾಣಬೇಕಾದರೆ ಮೌಸ್ ಅಲ್ಲಿಗೆ ಹೋಗಬೇಕು, ಅಂದರೆ ಹುಡುಕಾಟ ಮುಗಿದ ಮೇಲಷ್ಟೆ ಹೆಸರಿನ ಸಹಾಯ. ಫೋನ್‌ನ ಪರಿಹಾರವನ್ನು ಕಂಪ್ಯೂಟರ್‌ಗೆ ತರುವಾಗ, ಅದು ಬಗೆಹರಿಸುತ್ತಿದ್ದ ಸಮಸ್ಯೆ ಇಲ್ಲಿ ಇದೆಯೇ ಎಂದು ಕೇಳಬೇಕಿತ್ತು.

ಬೇರೆಯವರು ಹಿಡಿದ ದಾರಿ

ಮೈಕ್ರೋಸಾಫ್ಟ್ ಈ ಹಾದಿಯಲ್ಲಿ ಒಮ್ಮೆ ಹೋಗಿ ಹಿಂದಿರುಗಿದೆ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಪರದೆಯ ತುಂಬ ಒಂದೊಂದಕ್ಕೂ ಒಂದೊಂದು ಗಟ್ಟಿ ಬಣ್ಣ ಬಳಿದ ಚೌಕಗಳು, ಅವುಗಳ ಮೇಲೆ ಬಿಳಿ ಗುರುತುಗಳು. ಆಗ ಬಣ್ಣವಾದರೂ ಬೇರೆ ಬೇರೆ ಇತ್ತು. 2020ರ ಹೊತ್ತಿಗೆ ವಿಂಡೋಸ್ 10ಕ್ಕೆ ಮತ್ತೆ ಬಹುವರ್ಣದ, ಚೌಕದ ಹಂಗಿಲ್ಲದ ಐಕಾನ್‌ಗಳನ್ನು ಕೊಟ್ಟಿತು. ವಿಂಡೋಸ್ 11ರಲ್ಲೂ ಆ್ಯಪ್‌ಗಳ ಅಂಚನ್ನು ಸಿಸ್ಟಂ ಕತ್ತರಿಸುವುದಿಲ್ಲ.

ಲಿನಕ್ಸ್ ಲೋಕದಲ್ಲಿ ಹಕ್ಕಿನ ಪ್ರಶ್ನೆ ಇನ್ನೂ ಹಳೆಯದು. ಅಲ್ಲಿನ ಐಕಾನ್ ಥೀಮ್ ನಿಯಮದ ಪ್ರಕಾರ ಆ್ಯಪ್ ತನ್ನ ಐಕಾನನ್ನು ‘ಹೈಕಲರ್’ ಎಂಬ ಮೂಲ ಸಂಗ್ರಹದಲ್ಲಿಡುತ್ತದೆ. ಬಳಕೆದಾರ ಆರಿಸಿದ ಥೀಮ್‌ನಲ್ಲಿ ಅದೇ ಹೆಸರಿನ ಇನ್ನೊಂದು ಚಿತ್ರವಿದ್ದರೆ ಅದೇ ಗೆಲ್ಲುತ್ತದೆ. ವ್ಯವಸ್ಥೆ ಉದಾರವಾದದ್ದೇ, ಆದರೆ ಲಿನಕ್ಸನ್ನು ಸಿದ್ಧಪಡಿಸಿ ಜನರಿಗೆ ಕೊಡುವ ವಿತರಣೆಗಳು (ಡಿಸ್ಟ್ರಿಬ್ಯೂಷನ್) ತಾವೇ ಥೀಮ್ ಹಾಕಿ ಹಂಚತೊಡಗಿದಾಗ ತೊಂದರೆ ಶುರುವಾಯಿತು. 2019ರ ಮೇ ತಿಂಗಳಲ್ಲಿ ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪ್‌ನ ಹಲವು ಆ್ಯಪ್ ಡೆವಲಪರ್‌ಗಳು ಬಹಿರಂಗ ಪತ್ರ ಬರೆದು, ನಮ್ಮ ಆ್ಯಪ್‌ಗಳಿಗೆ ಥೀಮ್ ಹಾಕಬೇಡಿ ಎಂದು ವಿತರಣೆಗಳನ್ನು ಕೇಳಿಕೊಂಡರು. ಐಕಾನ್ ಎಂಬುದು ಆ್ಯಪ್‌ನ ಗುರುತು, ಅದನ್ನು ಬದಲಿಸಿದರೆ ಬಳಕೆದಾರರಿಗೆ ಗೊಂದಲ, ದೂರು ಬರುವುದು ಮಾತ್ರ ನಮಗೆ ಎಂಬುದು ಅವರ ವಾದ. ತನ್ನ ಸ್ವಂತ ಯಂತ್ರದಲ್ಲಿ ಥೀಮ್ ಬದಲಿಸಿಕೊಳ್ಳುವವರ ಮೇಲೆ ತಮ್ಮ ಆಕ್ಷೇಪವಿಲ್ಲ ಎಂದೂ ಅವರು ಸ್ಪಷ್ಟಪಡಿಸಿದ್ದರು. ಬಳಕೆದಾರ ಬದಲಿಸುವುದು ಬೇರೆ, ನಡುವಿನವರು ಎಲ್ಲರ ಪರವಾಗಿ ಬದಲಿಸುವುದು ಬೇರೆ. ಇಂದಿನ ಚರ್ಚೆಯಲ್ಲಿ ಕಳೆದುಹೋಗುತ್ತಿರುವ ವ್ಯತ್ಯಾಸ ಇದೇ.

ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ಗ್ನೋಮ್ 3.32 ಐಕಾನ್‌ಗೆ ಹೊಸ ಮಾದರಿಯನ್ನೂ ಕೊಟ್ಟಿತ್ತು. 128 ಪಿಕ್ಸೆಲ್‌ನ ಹಲಗೆ, ಎಲ್ಲಕ್ಕೂ ಒಂದೇ ನೋಟದ ಕೋನ, ಸರಳ ಬಣ್ಣ. ವೃತ್ತ, ಚೌಕ, ಅಡ್ಡ ಮತ್ತು ಉದ್ದ ಆಯತಗಳ ಮಾರ್ಗದರ್ಶಿ ಗೆರೆಗಳಿವೆ, ಆದರೆ ಹೊರ ಆಕಾರ ಆ್ಯಪ್‌ನದೇ. ಸಾಲಾಗಿಟ್ಟರೆ ಒಂದೇ ಮನೆತನದವೆಂದು ಗೊತ್ತಾಗುತ್ತದೆ, ಒಂದನ್ನೊಂದು ಬೆರೆಸಿಕೊಳ್ಳುವ ಪ್ರಮೇಯ ಕಡಿಮೆ. ಹೊಂದಿಕೆ ಬೇಕಾದರೆ ಅಂಚು ಕತ್ತರಿಸಲೇಬೇಕೆಂಬ ಮಾತನ್ನು ಈ ಒಂದು ಉದಾಹರಣೆ ಸುಳ್ಳು ಮಾಡುತ್ತದೆ.

ಯಾರಿಗೆ ಹೆಚ್ಚು ಪೆಟ್ಟು

ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ 8ರಷ್ಟು ಜನರಿಗೆ ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಬೇರೆ ಸಮುದಾಯಗಳಲ್ಲಿ ಪ್ರಮಾಣ ಕಡಿಮೆ, ಆದರೂ ಸಂಖ್ಯೆ ದೊಡ್ಡದೇ. ಬಣ್ಣ ಕೈಕೊಟ್ಟಾಗ ಇವರು ನೆಚ್ಚುವುದು ಆಕಾರವನ್ನು. ದೃಷ್ಟಿ ಮಂದವಾದವರಿಗೂ ಅಷ್ಟೆ, ಒಳಗಿನ ನವಿರು ಗೆರೆಗಳಿಗಿಂತ ಹೊರ ಅಂಚು ಮೊದಲು ಸಿಗುತ್ತದೆ. ಆಕಾರ ಒಂದೇ ಆದಾಗ ಹೆಚ್ಚು ಕಳೆದುಕೊಳ್ಳುವವರು ಇವರು.

ಗಾಜಿನ ರೂಪದಲ್ಲಿ ಇನ್ನೊಂದು ತೊಡಕಿದೆ. ವೆಬ್‌ಗಾಗಿ ರೂಪಿಸಿದ ಸುಲಭಲಭ್ಯತೆಯ ಮಾನದಂಡ, 2018ರ ಡಬ್ಲ್ಯುಸಿಎಜಿ 2.1, ಅರ್ಥ ತಿಳಿಯಲು ಅಗತ್ಯವಾದ ಚಿತ್ರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 3:1 ಹೊಳಪಿನ ಅಂತರ ಇರಬೇಕೆನ್ನುತ್ತದೆ. ಆಪರೇಟಿಂಗ್ ಸಿಸ್ಟಂಗೆ ಅದು ಕಟ್ಟುಪಾಡಲ್ಲ, ಆದರೂ ಅಳತೆಗೋಲಾಗಿ ಒಳ್ಳೆಯದು. ಹಿಂದಿನ ವಾಲ್‌ಪೇಪರ್ ಹಾಯ್ದು ಕಾಣುವ ಐಕಾನ್‌ನಲ್ಲಿ ಈ ಅಂತರವನ್ನು ಡಿಸೈನರ್ ಮುಂಚಿತವಾಗಿ ಖಾತರಿಪಡಿಸಲು ಬರುವುದಿಲ್ಲ, ಏಕೆಂದರೆ ಹಿನ್ನೆಲೆ ಯಾವುದೆಂದೇ ಅವರಿಗೆ ಗೊತ್ತಿಲ್ಲ. ಹೊಣೆ ಸಿಸ್ಟಂನ ಲೆಕ್ಕಾಚಾರದ ಮೇಲೆ ಬೀಳುತ್ತದೆ. 2025ರ ನವೆಂಬರ್‌ನ 26.1 ಆವೃತ್ತಿಯಲ್ಲಿ ಗಾಜಿನ ಪಾರದರ್ಶಕತೆಯನ್ನು ತಗ್ಗಿಸುವ ಆಯ್ಕೆಯನ್ನು ಆ್ಯಪಲ್ ಸೇರಿಸಿತು.

ಮೂರನೆಯ ಪೆಟ್ಟು ಹಳೆಯ ಆ್ಯಪ್‌ಗಳಿಗೆ. ಸರಿಯಾಗಿ ಕೆಲಸ ಮಾಡುತ್ತಿದ್ದು, ಮಾಡಿದವರು ಮಾತ್ರ ಬೇರೆ ಕೆಲಸಕ್ಕೆ ಹೋಗಿರುವ ಆ್ಯಪ್‌ಗಳು ಎಷ್ಟೋ ಇವೆ. ಅವುಗಳಿಗೆ ಹೊಸ ಐಕಾನ್ ಬರೆಯುವವರಿಲ್ಲ. ಬೂದು ತಟ್ಟೆಯ ಮೇಲೆ ಕೂತ ಐಕಾನ್ ನೋಡಿದವರಿಗೆ ಈ ಆ್ಯಪ್ ಹಳತಾಯಿತು, ನಂಬುವಂತಿಲ್ಲ ಎಂಬ ಭಾವನೆ ಬರುತ್ತದೆ. ಆ್ಯಪ್‌ನ ಒಳಗಿನ ಗುಣಕ್ಕೂ ಹೊರಗಿನ ತಟ್ಟೆಗೂ ಸಂಬಂಧವಿಲ್ಲದಿದ್ದರೂ ಮಾರಾಟದಲ್ಲಿ ಅದರ ಪರಿಣಾಮ ಕಂಡೇ ಕಾಣುತ್ತದೆ.

ಮುಂದೇನು

ಪದರಗಳ ಪದ್ಧತಿ ಹಿಂದಕ್ಕೆ ಹೋಗುವ ಸಾಧ್ಯತೆ ಕಡಿಮೆ. ರೂಪಗಳ ಸಂಖ್ಯೆ ಇನ್ನೂ ಹೆಚ್ಚಬಹುದೇ ಹೊರತು ಇಳಿಯದು. ಬೆಳಕು, ನೆರಳು, ಹೊಳಪುಗಳನ್ನು ಸಿಸ್ಟಂ ನೋಡಿಕೊಳ್ಳುವುದರಲ್ಲಿ ತಪ್ಪೂ ಇಲ್ಲ. ಕೈಯಿಂದ ಬರೆದ ನೆರಳು ಕತ್ತಲೆಯ ಪರದೆಯಲ್ಲಿ ಹೇಗೂ ಸರಿಬರುತ್ತಿರಲಿಲ್ಲ. ಆದರೆ ಪದರ ಬೇರೆ, ಅಂಚು ಬೇರೆ. ಪದರವಿದ್ದೂ ಹೊರ ಆಕಾರವನ್ನು ಆ್ಯಪ್‌ಗೇ ಬಿಡಲು ತಾಂತ್ರಿಕವಾಗಿ ಅಡ್ಡಿಯೇನಿಲ್ಲ: ಗಾಜಿನ ಹೊಳಪನ್ನು ಚೌಕದ ಅಂಚಿಗೆ ಹಚ್ಚುವ ಯಂತ್ರ, ಪೆನ್ನಿನ ಅಂಚಿಗೂ ಹಚ್ಚಬಲ್ಲದು. ಐಕಾನ್‌ನ ಒಳಗಿನ ಪದರಗಳಿಗೆ ಅದು ಈಗಾಗಲೇ ಅದನ್ನು ಮಾಡುತ್ತಿದೆ. ಚೌಕವನ್ನು ಕಡ್ಡಾಯ ಮಾಡಿದ್ದು ಆಯ್ಕೆ, ಅನಿವಾರ್ಯತೆಯಲ್ಲ. ಕನಿಷ್ಠಪಕ್ಷ ಕಂಪ್ಯೂಟರ್‌ನಲ್ಲಿ ಆ ಕಡ್ಡಾಯವನ್ನು ತೆಗೆಯಬೇಕು, ಬಿಗ್ ಸರ್‌ನಂತೆ ಅಂಚು ದಾಟುವ ಸಲುಗೆಯನ್ನಾದರೂ ಮರಳಿ ಕೊಡಬೇಕು.

ಅಲ್ಲಿಯವರೆಗೆ ಆ್ಯಪ್ ಮಾಡುವವರು ಐಕಾನ್ ಮುಗಿಸುವ ಮುನ್ನ ಮೂರು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. 16 ಪಿಕ್ಸೆಲ್‌ಗೆ ಇಳಿಸಿ ನೋಡಬೇಕು, ಬಣ್ಣವೆಲ್ಲ ತೆಗೆದು ಬರೀ ಬೂದು ಛಾಯೆಯಲ್ಲಿ ನೋಡಬೇಕು, ಆಮೇಲೆ ಒಂಟಿಯಾಗಿ ಅಲ್ಲದೆ ಬೇರೆ ಹತ್ತು ಹದಿನೈದು ಐಕಾನ್‌ಗಳ ಸಾಲಿನಲ್ಲಿಟ್ಟು ನೋಡಬೇಕು. ಬಳಕೆದಾರರಿಗೆ ಗುರುತು ಹಿಡಿಯುವುದೇ ಕಷ್ಟವಾಗುತ್ತಿದ್ದರೆ ಸಿಸ್ಟಂ ಸೆಟ್ಟಿಂಗ್ಸ್‌ನ ‘ಅಪಿಯರೆನ್ಸ್’ ವಿಭಾಗದಲ್ಲಿ ಐಕಾನ್ ಶೈಲಿಯನ್ನು ಗಾಜು ಅಥವಾ ಛಾಯೆಯಿಂದ ಮಾಮೂಲು ರೂಪಕ್ಕೆ ಬದಲಿಸಿಕೊಳ್ಳಬಹುದು. ಆಕಾರ ಮರಳಿ ಬಾರದು, ಬಣ್ಣವಾದರೂ ಸಿಗುತ್ತದೆ.